ಹೊತ್ತು ಮುಳುಗುವ ಮೊದಲಿನ ಊಟ

ನಾನು ಮಾಡದೆ ಬಿಟ್ಟದ್ದು ಬಹಳ ಸಣ್ಣ ಕೆಲಸ. ಅಕ್ಕ ಸಂಜೆ ಉಂಡಳೋ ಇಲ್ಲವೋ ಎಂದು ವರ್ಷಗಟ್ಟಲೆ ಒಮ್ಮೆಯೂ ಕೇಳಲಿಲ್ಲ. ಕೇಳಲು ಪುರುಸೊತ್ತಾದರೂ ಎಲ್ಲಿತ್ತು? ನಾನು ಆತ್ಮೋನ್ನತಿಯಲ್ಲಿ ತೊಡಗಿದ್ದೆ.

ನಾವು ಜೈನರು. ದೀಪಕ್ಕೆ ಬರುವ ಹುಳ ಅನ್ನಕ್ಕೆ ಬಿದ್ದು ಸಾಯಬಾರದೆಂದು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಶಾಸ್ತ್ರ ಗೊತ್ತಿದ್ದದ್ದು ಅಷ್ಟೇ. ಗೊತ್ತಿದ್ದಷ್ಟನ್ನು ಮಾತ್ರ ಬಿಗಿಯಾಗಿ ಹಿಡಿದಿದ್ದೆ. ದಿನದಿನದ ಸಣ್ಣ ಅಭ್ಯಾಸವೇ ಮನುಷ್ಯನನ್ನು ತಿದ್ದುತ್ತದೆ ಎಂದು, ಮೂಡಬಿದಿರೆ ಪೇಟೆಯಲ್ಲಿ ನಾನು ಬಟ್ಟೆ ಅಳೆಯುತ್ತಿದ್ದ ಅಂಗಡಿಯ ಜಗಲಿಯಲ್ಲಿ ಕುಳಿತು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೆ. ಬೀಡಿ ಸೇದಲು ಬಂದವರು ಬೀಡಿ ಮುಗಿಯುವವರೆಗೆ ಕೇಳುತ್ತಿದ್ದರು. ಸಂಯಮದ ಮಾತು ಶುರುವಾದರೆ ನನಗೆ ಸಂಯಮ ಇರುತ್ತಿರಲಿಲ್ಲ. ಸೂರ್ಯ ತೆಂಗಿನ ತಲೆಗೆ ಇಳಿದ ಮೇಲೆ ಎದ್ದು ಮನೆಗೆ ಓಡುತ್ತಿದ್ದೆ.

ಅಕ್ಕ, ಗಂಡ ತೀರಿಹೋದ ಮೇಲೆ ತವರಿಗೆ ಬಂದವಳು. ಮನೆಯಲ್ಲಿ ನಾವಿಬ್ಬರೇ. ಅವಳಿಗೂ ಅದೇ ವ್ರತ. ಗಂಡಸಿಗೆ ಬಡಿಸದೆ ಹೆಂಗಸು ಉಣ್ಣಬಾರದೆಂದು ಯಾವ ಶಾಸ್ತ್ರದಲ್ಲಿ ಉಂಟೋ ತಿಳಿಯದು, ನಮ್ಮ ಮನೆಯಲ್ಲಿ ಇತ್ತು. ನಾನು ಗಂಜಿ ಉಂಡು, ತೊಂಡೆಕಾಯಿ ಪಲ್ಯ ಎರಡನೇ ಸಲ ಹಾಕಿಸಿಕೊಂಡು, ಕೈ ತೊಳೆದು ಪಡುವಣಕ್ಕೆ ನೋಡಿ, ಸರಿಯಾದ ಹೊತ್ತಿಗೆ ಮುಗಿಯಿತು ಎಂದು ಸಂತೋಷಪಡುವಾಗ ಸೂರ್ಯನೂ ಮುಗಿದಿರುತ್ತಿದ್ದ. ಉಳಿದ ಗಂಜಿಯನ್ನು ಅಕ್ಕ ಹಟ್ಟಿಯ ದನಕ್ಕೆ ಒಯ್ಯುತ್ತಿದ್ದಳು. ನಮ್ಮ ದನದಷ್ಟು ದಪ್ಪದ ದನ ಊರಲ್ಲಿ ಇರಲಿಲ್ಲ. ಅದೂ ನನ್ನ ಪುಣ್ಯದ ಫಲವೆಂದೇ ತಿಳಿದಿದ್ದೆ.

ಒಮ್ಮೆ ನಾರಾವಿಯಿಂದ ಚಿಕ್ಕಮ್ಮ ಬಂದು ನಾಲ್ಕು ದಿನ ಉಳಿದರು. ಹೊರಡುವ ಬೆಳಿಗ್ಗೆ ಅವರಿಗೂ ನಾನು ವ್ರತದ ಲಾಭ ವಿವರಿಸುತ್ತಿದ್ದೆ. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, "ನೀನು ಭಾರೀ ದೊಡ್ಡ ಜನ ಮಾರಾಯ. ವ್ರತ ನಿನ್ನದು, ಉಪವಾಸ ಅವಳದ್ದು. ನಿನ್ನ ಅಕ್ಕ ಸಂಜೆ ಉಂಡದ್ದನ್ನು ನೀನು ಯಾವಾಗ ನೋಡಿದ್ದು?" ಎಂದರು.

ಯೋಚಿಸಿದೆ. ಅಕ್ಕನ ರವಿಕೆಯ ತೋಳು ಸಡಿಲವಾಗಿದ್ದು ನೆನಪಾಯಿತು. ದಿನವಿಡೀ ಬಟ್ಟೆ ಅಳೆಯುವವನ ಕಣ್ಣು, ಅದಕ್ಕೆ ಕಾಣದೆ ಇರಲಿಲ್ಲ. ವೈರಾಗ್ಯ ಇರಬೇಕೆಂದುಕೊಂಡಿದ್ದೆ.

ಅಭ್ಯಾಸ ಮನುಷ್ಯನನ್ನು ತಿದ್ದುತ್ತದೆ ಎಂಬ ನನ್ನ ಮಾತು ಸುಳ್ಳಲ್ಲ. ಅದು ಅಕ್ಕನಿಗೆ ಸುಮ್ಮನಿರುವುದನ್ನು ಕಲಿಸಿತು. ನನಗೆ, ಕಂಡದ್ದಕ್ಕೆ ಒಳ್ಳೆಯ ಹೆಸರಿಡುವುದನ್ನು.

ಮರುದಿನ ಬಿಸಿಲಿರುವಾಗಲೇ ಮನೆಗೆ ಬಂದೆ. ಅಕ್ಕ ಹೆದರಿದಳು. ಜ್ವರವೋ, ಅಂಗಡಿಯವರು ಕೆಲಸದಿಂದ ತೆಗೆದರೋ ಎಂದು ವಿಚಾರಿಸಿದಳು. ನಾನು ಒಲೆಯ ಹತ್ತಿರ ಹೋದೆ. ಅವಳ ಬಟ್ಟಲು ಎಲ್ಲಿರುತ್ತದೆಂದು ಗೊತ್ತಿರಲಿಲ್ಲ. ಹುಡುಕುವಾಗ ಉಪ್ಪು ಚೆಲ್ಲಿದೆ. ಹೇಗೋ ಗಂಜಿ ಬಡಿಸಿ ಅವಳ ಮುಂದೆ ಇಟ್ಟೆ.

"ನೀನು ಮೊದಲು ಉಣ್ಣು ತಮ್ಮ. ನನಗೆ ಅಭ್ಯಾಸ ಉಂಟು" ಎಂದಳು.

ಜಗಲಿಯಲ್ಲಿ ಅಷ್ಟು ಉಪದೇಶ ಮಾಡಿದ ಬಾಯಿಗೆ ಎರಡು ಮಾತು ಹೊರಡಿಸುವುದು ಕಷ್ಟವಾಯಿತು. ಬಾಗಿಲ ಹೊರಗೆ ಇನ್ನೂ ಬೆಳಕಿತ್ತು. ಕೊನೆಗೆ ಹೇಳಿದೆ:

"ಅಕ್ಕಾ, ತಪ್ಪಾಯ್ತು. ನಾನು ಹೊಟ್ಟೆ ತುಂಬ ಉಂಡು ನಿನ್ನನ್ನು ಹಸಿದು ಮಲಗಿಸಿದೆ. ಹೊತ್ತು ಇನ್ನೂ ಉಂಟು, ಉಣ್ಣು."