ಭಾವನ ಪ್ರಯಾಣಭತ್ಯೆ

ಔಷಧಿ ಸಾಗಿಸುವ ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುತ್ತಿದ್ದವನನ್ನು ವ್ಯಾನ್ ಡ್ರೈವರುಗಳು ‘ತಕ್ಕಡಿ ಸಾರ್’ ಎಂದು ಕರೆಯುತ್ತಿದ್ದರು. ಯಾರ ಮುಲಾಜಿಗೂ ಬೀಳದವನೆಂಬ ಹೆಸರು ಅವನಿಗಿತ್ತು. ಅದನ್ನು ಕೇಳಿದಾಗಲೆಲ್ಲ ಒಳಗೊಳಗೇ ಉಬ್ಬುತ್ತಿದ್ದ.

ಅಕ್ಕನ ಗಂಡ ಅಲ್ಲಿಗೇ ಡ್ರೈವರಾಗಿ ಸೇರಿಕೊಂಡ. ಒಂದು ದಿನ ಅಕ್ಕ ಊಟ ಬಡಿಸುತ್ತಾ, “ನಿನ್ನ ಭಾವನ ಸಂಬಳದಲ್ಲಿ ಅಷ್ಟೊಂದು ತೆರಿಗೆ ಹಿಡೀತೀಯಲ್ಲೋ! ಆ ಪ್ರಯಾಣಭತ್ಯೆನಾದ್ರೂ ಬಿಡಬಾರ್ದಾ?” ಎಂದಳು. ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ನಿಯಮ ಅವನಿಗೆ ಬಾಯಿಪಾಠವಾಗಿತ್ತು. ಕಂಪನಿ ಕೆಲಸಕ್ಕೆಂದು ಕೈಯಿಂದ ಹಾಕಿದ ದುಡ್ಡನ್ನು ರಸೀದಿ ನೋಡಿ ಹಿಂತಿರುಗಿಸಿದರೆ ಅದು ಸಂಪಾದನೆಯಲ್ಲ, ತೆರಿಗೆಯಿಲ್ಲ. ಖರ್ಚಾಗಲಿ ಬಿಡಲಿ, ತಿಂಗಳಿಗಿಷ್ಟು ಎಂದು ಕೊಟ್ಟರೆ ಅದೂ ಸಂಬಳವೇ, ತೆರಿಗೆ ತಪ್ಪದು. ಡ್ರೈವರುಗಳ ಭತ್ಯೆ ಈ ಎರಡನೆಯ ಬಗೆಯದು. ಆದರೂ ಭಾವನದನ್ನು ಮಾತ್ರ ಕಂಪ್ಯೂಟರಿನಲ್ಲಿ ತೆರಿಗೆಯಿಲ್ಲದ ಸಾಲಿಗೆ ಸರಿಸಿಬಿಟ್ಟ.

ಭಾವನ ಬಾಯಲ್ಲಿ ಗುಟ್ಟು ನಿಲ್ಲುತ್ತದೆಯೇ? ಕೈಗೆ ಹೆಚ್ಚು ಬಂದದ್ದನ್ನು ವ್ಯಾನುಗಳ ನಡುವೆ ನಿಂತು ಜಂಬ ಕೊಚ್ಚಿಕೊಂಡ. ಮರುದಿನವೇ ಎಲ್ಲರಿಗಿಂತ ಹಿರಿಯ ಡ್ರೈವರ್ ಬಂದು ಲೆಕ್ಕದವನ ಮೇಜಿನ ಮುಂದೆ ನಿಂತ.

“ಅವರಿಗೆ ಹಿಡಿಯಲ್ಲ, ನಮಗೆ ಹಿಡೀತೀರಿ. ಯಾಕೆ ಸಾರ್?”

“ಅವರು ರಸೀದಿ ಕೊಡ್ತಾರೆ,” ಎಂದ ಇವನು, ಬಾಯಿಗೆ ಬಂದ ಸುಳ್ಳು.

“ಅಷ್ಟೇನಾ? ಮೊದ್ಲೇ ಹೇಳ್ಬಾರ್ದಿತ್ತಾ!” ನಗುತ್ತಲೇ ಹೊರಟುಹೋದ ಹಿರಿಯ.

ಅಂದಿನಿಂದ ಪಾರ್ಕಿಂಗ್ ಚೀಟಿ, ಟೋಲ್ ಚೀಟಿ, ಪಂಕ್ಚರ್ ಅಂಗಡಿಯ ಚೀಟಿ, ಎಲ್ಲವನ್ನೂ ಅಂಗೈಯಲ್ಲಿ ತೀಡಿ, ಪಿನ್ನು ಹಾಕಿ ತರತೊಡಗಿದ. ಮಳೆಗೆ ನೆನೆದದ್ದನ್ನು ಇಂಜಿನ್ನಿನ ಬಿಸಿಗೆ ಒಣಗಿಸಿ ತಂದ. ಲೆಕ್ಕದವನು ತಲೆಯೆತ್ತದೆ ಇಸಿದುಕೊಂಡು, ಅವನು ಮರೆಯಾದ ಮೇಲೆ ಕಸದ ಬುಟ್ಟಿಗೆ ಹಾಕಿದ.

ಸಂಬಳದ ದಿನ ತೆರಿಗೆ ಎಂದಿನಂತೆ ಕಡಿತವಾಯಿತು. ಹಿರಿಯ ಮತ್ತೆ ಬಂದ. ಮುಖದಲ್ಲಿ ಕೋಪವಿರಲಿಲ್ಲ.

“ತಪ್ಪು ತಿಳ್ಕೋಬೇಡಿ ಸಾರ್. ಮಸುಕಾದ ಚೀಟಿ ನಡೆಯಲ್ವಾ? ನಂಗೆ ಹತ್ತಿರದ ಸಣ್ಣ ಅಕ್ಷರ ಸರಿಯಾಗಿ ಕಾಣ್ಸಲ್ಲ. ಇನ್ಮೇಲೆ ಹೆಂಡ್ತೀನ ಕೂರಿಸ್ಕೊಂಡು ಆರಿಸಿ ತರ್ತೀನಿ.”

ಲೆಕ್ಕದವನಿಗೆ ಕುಳಿತಲ್ಲೇ ನೆಲ ಬಾಯಿಬಿಡಬಾರದೇ ಎನಿಸಿತು. “ಚೀಟಿ ಸರಿಯಾಗೇ ಇದ್ವು. ನಾನೇ ಸುಳ್ಳು ಹೇಳ್ದೆ. ಅವರು ನಮ್ಮ ಭಾವ...”

ಹಿರಿಯ ಮೇಜಿನ ಮೇಲೆಲ್ಲ ಕಣ್ಣಾಡಿಸಿದ. “ಹಾಗಾದ್ರೆ ನನ್ನ ಚೀಟಿಗಳೆಲ್ಲ ಎಲ್ಲಿ ಸಾರ್?”

ಲೆಕ್ಕದವನು ಎದ್ದು ನೇರ ಮ್ಯಾನೇಜರರ ಕೋಣೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡ.

ಕೆಲಸ ಹೋಗಲಿಲ್ಲ. ಆದರೆ ಅವನ ಲೆಕ್ಕವನ್ನು ಇನ್ನು ಪಕ್ಕದ ಮೇಜಿನವಳು ಪರೀಕ್ಷಿಸಬೇಕೆಂದಾಯಿತು. ಭಾವನ ಹಳೆಯ ತೆರಿಗೆಯನ್ನೆಲ್ಲ ಒಟ್ಟಿಗೇ ಹಿಡಿದರು. ಅಕ್ಕ ಮನೆಗೆ ಕರೆಯುವುದನ್ನು ಬಿಟ್ಟಳು. ತಿಂಗಳಿಗಿಷ್ಟು ಎಂಬ ಭತ್ಯೆ ನಿಂತು, ಖರ್ಚಾದದ್ದನ್ನು ರಸೀದಿ ನೋಡಿ ಕೊಡುವ ಪದ್ಧತಿ ಬಂತು.

ಹಿರಿಯ ಈಗಲೂ ಚೀಟಿ ತರುತ್ತಾನೆ, ಪಕ್ಕದ ಮೇಜಿನವಳ ಕೈಗೆ ಕೊಡುತ್ತಾನೆ. ಹೋಗುವಾಗ ಲೆಕ್ಕದವನಿಗೆ ಮೊದಲಿನ ಹಾಗೇ ನಮಸ್ಕಾರ ಹೇಳುತ್ತಾನೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಆ ನಮಸ್ಕಾರಕ್ಕೆ ಮಾತ್ರ ಅವನಿಗೆ ಇಂದಿಗೂ ಮುಖವೆತ್ತಲಾಗುವುದಿಲ್ಲ.