ಯೆಟ್ ಬ್ರೂಕೆಮಾ ಬರೆದ ಅಜ್ಜಿ

ಯೆಟ್ ಬ್ರೂಕೆಮಾಗೆ ಸಂಬಳ ಕೊಡುವವರು ಯಾರೂ ಇರಲಿಲ್ಲ. ಆದರೂ ಮೂವತ್ತಮೂರು ವರ್ಷ ಆಕೆ ಡಚ್ಚರ ಕೈಲಿದ್ದ ಜಾವಾದ ರಾಜಧಾನಿ ಬಟಾವಿಯಾದ ದಾಖಲೆ ಮನೆಗೆ ಹೋಗಿ, ಕಿಟಕಿ ಪಕ್ಕದ ಅದೇ ಮೇಜಿನ ಮುಂದೆ ಕೂತು, ಇಗರ್ಜಿಯ ಮದುವೆ ಪುಸ್ತಕಗಳನ್ನೂ ಜಮೀನಿನ ಪುಸ್ತಕಗಳನ್ನೂ ತಿರುವಿಹಾಕಿ, ಕೇಳಿದವರಿಗೆ ವಂಶವೃಕ್ಷ ಬರೆದುಕೊಡುತ್ತಿದ್ದಳು. ಕೇಳುವವರೆಲ್ಲ ಅವಳಂಥವರೇ. ತಾತ ಹಾಲೆಂಡಿನಿಂದ ಹಡಗು ಹತ್ತಿ ಬಂದವನು, ಅಜ್ಜಿ ಇಲ್ಲೇ ಯಾವುದೋ ಕೇರಿಯ ಹೆಣ್ಣು. ಎಲ್ಲರಿಗೂ ತಾತ ಬೇಕು, ಅಜ್ಜಿ ಬೇಡ.

ಯೆಟ್‌ಳ ಕೈಚಳಕವೆಲ್ಲ ಇದ್ದದ್ದು ಅಲ್ಲೇ. ಅಜ್ಜಿಯ ಜಾಗದಲ್ಲಿ ಜಾವಾದವಳ ಹೆಸರು ಕಂಡರೆ ಆ ಜಾಗವನ್ನು ಖಾಲಿ ಬಿಡುವಳು. ಖಾಲಿ ಬಿಟ್ಟರೂ ಸಮಾಧಾನವಾಗದ ಮನೆಯವರಿಗೆ ಮಕಾವಿನಿಂದ ಒಬ್ಬ ಪೋರ್ಚುಗೀಸ್ ವಿಧವೆಯನ್ನು ಕರೆತರುವಳು. ಅವಳು ಕರೆತಂದಷ್ಟು ವಿಧವೆಯರು ನಿಜಕ್ಕೂ ಮಕಾವಿನಲ್ಲಿ ಇದ್ದಿದ್ದರೆ ಆ ಊರಿನ ಗಂಡಸರ ಗತಿ ದೇವರಿಗೇ ಪ್ರೀತಿ. ಅಕ್ಷರ ಮಾತ್ರ ಮುತ್ತಿನಂಥದ್ದು. ಆ ಅಕ್ಷರ ನೋಡಿದ ಮೇಲೆ ಅನುಮಾನ ಪಡುವುದಕ್ಕೆ ಯಾರಿಗೂ ಮನಸ್ಸು ಬರುತ್ತಿರಲಿಲ್ಲ.

ಮೊದಲ ವಂಶವೃಕ್ಷ ಬರೆದದ್ದು ಸ್ವಂತ ಮನೆಗೆ, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ. ಸುಂಕದ ಕಟ್ಟೆಯಲ್ಲಿ ಗುಮಾಸ್ತನಾಗಿದ್ದ ಅಪ್ಪ ಕಾರೆಲ್‌ಗೆ ಬಿಳಿಯರ ಕ್ಲಬ್ಬಿಗೆ ಸೇರುವ ಹುಚ್ಚು. ಅಪ್ಪನ ತಾಯಿಯ ಜಾಗದಲ್ಲಿ ಯೆಟ್ 'ಮನಿಲಾದ ದೋನಾ ಇಸಾಬೆಲ್ಲಾ' ಎಂದು ಬರೆದಳು. ಅಪ್ಪ ಒಂದು ಪ್ರತಿಯನ್ನು ನೋಂದಣಿ ಕಚೇರಿಗೆ ಕೊಟ್ಟು, ಇನ್ನೊಂದಕ್ಕೆ ಗಾಜು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ. ಅಪ್ಪನ ನಿಜವಾದ ತಾಯಿ ಮೂರ್ನಿ ಆಗ ಬದುಕಿದ್ದಳು, ಅದೇ ಮನೆಯ ಅಡುಗೆಕೋಣೆಯ ಹಿಂದಿನ ಕೋಣೆಯಲ್ಲಿ. ನೆಂಟರು ಬಂದಾಗ ತಟ್ಟೆ ಹಿಡಿದು ಬರುವಳು, ಬಾಬು, ಅಂದರೆ ಮನೆಗೆಲಸದವಳು, ಅನ್ನಿಸಿಕೊಳ್ಳುವಳು. ಓದು ಬಾರದ ಆ ಮುದುಕಿ ಒಂದು ದಿನ ಗಾಜಿನ ಮುಂದೆ ನಿಂತು, "ಇದರಲ್ಲಿ ನಾನೆಲ್ಲಿದೀನೇ ಯೆಟ್?" ಎಂದು ಕೇಳಿದಳು. ಯೆಟ್ ಇಸಾಬೆಲ್ಲಾಳ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದಳು. ಮೂರ್ನಿ ಆ ಅಕ್ಷರಗಳನ್ನು ತುಂಬ ಹೊತ್ತು ನೋಡಿ ಅಡುಗೆಕೋಣೆಗೆ ಹೋದಳು. ಎರಡು ವರ್ಷದ ಮೇಲೆ ತೀರಿಕೊಂಡಳು.

ಆಮೇಲೆ ಜಪಾನಿಯರು ಬಂದರು. ಊರು ಜಕಾರ್ತಾ ಆಯಿತು, ಬೀದಿಯಲ್ಲಿ ಡಚ್ ಮಾತಾಡಿದವರ ಕಪಾಳಕ್ಕೆ ಏಟು ಬಿತ್ತು. ಹಾಲೆಂಡಿನವರನ್ನೆಲ್ಲ ಗಂಡಸು ಹೆಂಗಸು ಅನ್ನದೆ ಮುಳ್ಳುತಂತಿಯೊಳಗೆ ತುಂಬಿದರು. ಉಳಿದವರು ಈ ಮಿಶ್ರ ಮನೆತನದವರು. ಅವರಿಗೆ ಹುಕುಂ ಬಂತು: ಈ ನೆಲದ ಅಜ್ಜಿಯೋ ಮುತ್ತಜ್ಜಿಯೋ ಇದ್ದಾಳೆಂದು ದಾಖಲೆ ತೋರಿಸಿ ಚೀಟಿ ಪಡೆಯಬೇಕು, ತೋರಿಸದವರು ಡಚ್ಚರು, ಅವರಿಗೂ ಶಿಬಿರವೇ.

ಮಕಾವಿನ ವಿಧವೆಯರನ್ನು ಕೊಂಡುಹೋದವರೆಲ್ಲ ಓಡೋಡಿ ಬಂದರು. ಸಕ್ಕರೆ ಕಾರ್ಖಾನೆ ಮ್ಯಾನೇಜರನ ಹೆಂಡತಿ ಫರ್ಮೀರ್ ಹಿಂದೊಮ್ಮೆ ತನ್ನ ವಂಶದಲ್ಲಿ ಅಂಬೋನ್ ದ್ವೀಪದ ಮೀನುಗಾರ್ತಿ ಕಂಡಳೆಂದು ಇದೇ ಮೇಜಿನ ಮುಂದೆ ಕೂಗಾಡಿ ಹೋಗಿದ್ದವಳು. ಈಗ ಅದೇ ಮೇಜಿನ ಅಂಚು ಹಿಡಿದು, ಡಚ್ಚಿನಲ್ಲಿ ಅತ್ತೆ ಎಂದು ಕರೆದು ಪಿಸುಗುಟ್ಟಿದಳು.

"ಯೆಟ್ ಟಾಂಟೆ, ಆ ಅಂಬೋನಿನವಳು ಇನ್ನೂ ಇದಾಳಲ್ವಾ?"

"ಎಲ್ಲಿಗೆ ಹೋಗ್ತಾಳೆ? ನೀವು ಓಡಿಸಿದ ಕಡೆನೇ ಕೂತಿದಾಳೆ."

ಯೆಟ್ ತನ್ನ ಕೈಯಾರೆ ಅಳಿಸಿದ ಅಜ್ಜಿಯರನ್ನು ತಾನೇ ಹುಡುಕಿ ತೆಗೆದಳು. ಆರು ತಿಂಗಳಲ್ಲಿ ನೂರಾರು ಮಂದಿಗೆ ನಕಲು ಬರೆದುಕೊಟ್ಟಳು. ತನ್ನ ಮನೆಯ ಕೆಲಸವನ್ನು ಮಾತ್ರ ನಾಳೆ ನಾಳೆ ಎಂದು ಮುಂದೂಡಿದಳು. ನೋಂದಣಿ ಕಚೇರಿಯಲ್ಲಿರುವ ಇಸಾಬೆಲ್ಲಾಳ ಹಾಳೆ ನೆನಪಾದರೆ ಇನ್ನೊಬ್ಬರ ನಕಲು ಕೈಗೆತ್ತಿಕೊಳ್ಳುತ್ತಿದ್ದಳು.

ಕೊನೆಗೆ ಕರೆ ಬಂತು. ಅವಳಿಗೆ, ತಮ್ಮ ಲೂಡೋಗೆ, ಇಬ್ಬರಿಗೂ ಶನಿವಾರ ಬೆಳಿಗ್ಗೆ. ಇಬ್ಬರಿಗೂ ಮದುವೆಯಾಗಿರಲಿಲ್ಲ, ಒಂದೇ ಮನೆಯಲ್ಲಿದ್ದರು. ಲೂಡೋಗೆ ಎದೆ ಕಾಯಿಲೆ. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುವವನು. ಶಿಬಿರದಲ್ಲಿ ಅವನು ಒಂದು ತಿಂಗಳೂ ಉಳಿಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ತನಗೇನಾದರೂ ಆಗಲಿ, ಅವನ ಚೀಟಿ ಆಗಲೇಬೇಕು ಎಂದುಕೊಂಡು ಅವಳು ದಾಖಲೆ ಮನೆಯ ಮೆಟ್ಟಿಲು ಹತ್ತಿದಳು.

ಅಮ್ಮನ ಕಡೆಯವರೆಲ್ಲ ಹಾಲೆಂಡಿನವರೇ. ಅಪ್ಪನ ಮದುವೆ ದಾಖಲೆಯಲ್ಲಿ ಅವನ ತಾಯಿಯ ಜಾಗ ಖಾಲಿ ಇತ್ತು. ಅದು ಅವಳಿಗೆ ಗೊತ್ತಿದ್ದದ್ದೇ. ತಾತ ಸಾರ್ಜೆಂಟ್ ಬ್ರೂಕೆಮಾ ಮೂರ್ನಿಯನ್ನು ಇಗರ್ಜಿಯಲ್ಲಿ ಮದುವೆಯಾದವನಲ್ಲ. ಉಳಿದದ್ದು ಜಮೀನಿನ ಪುಸ್ತಕ. ಅವಳನ್ನು ಈಗಲೂ ನೋನಾ, ಅಂದರೆ ಚಿಕ್ಕಮ್ಮಾವ್ರು, ಎಂದೇ ಕರೆಯುವ ದಾಖಲೆ ಮನೆಯ ಮುದುಕ ಜವಾನ ಪಾಕ್ ಜೈನಿ ಹುಳ ತಿಂದ ಎರಡು ಪುಸ್ತಕಗಳನ್ನು ಹೊತ್ತು ತಂದು ಮೇಜಿನ ಮೇಲೆ ಹಾಕಿದ.

"ಇಷ್ಟು ವರ್ಷ ಊರವರ ಪುಸ್ತಕ ಹೊರಿಸಿದ್ರಿ ನೋನಾ. ಇವತ್ತು ನಿಮ್ಮ ಮನೇದು. ಅದಕ್ಕೇ ಇಷ್ಟು ಭಾರ ಇದೆ."

"ಸುಮ್ನಿರಪ್ಪ ಜೈನಿ, ಹಾಳೆ ಮುಟ್ಟಿದ್ರೆ ಉದುರೋ ಹಾಗಿದೆ."

"ಕೊಡಿ, ಹಾಳೆ ನಾನು ತಿರುಗಿಸ್ತೀನಿ. ನೀವು ಓದಿ."

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಮೂರ್ನಿಯ ಹೆಸರಿನಲ್ಲೇ ಒಂದು ತೆಂಗಿನ ಹಿತ್ತಿಲು ಇತ್ತು. ಸಾಯುವ ಹಿಂದಿನ ವರ್ಷ ಅವಳು ಊರ ಮುಖ್ಯಸ್ಥನ ಮುಂದೆ ಹೇಳಿ ಬರೆಸಿದ್ದಳು: 'ಈ ಎಂಟು ಮರಗಳ ಫಲವನ್ನು ನನ್ನ ಮೊಮ್ಮಗ ಲೂಡೋವಿಕಸ್ ಇರುವಷ್ಟು ಕಾಲ ತಿನ್ನಲಿ.' ಕೆಳಗೆ ಹೆಬ್ಬೆಟ್ಟಿನ ಗುರುತು.

ಯೆಟ್‌ಗೆ ಕೂತಲ್ಲೇ ಜೀವ ಬಂದಂತಾಯಿತು. ಲೂಡೋ ಬದುಕಿದ. ಆಮೇಲೆ ಇನ್ನೊಮ್ಮೆ ಓದಿದಳು, ಮತ್ತೊಮ್ಮೆ ಓದಿದಳು.

"ಏನಾಯ್ತು ನೋನಾ?"

"ಅವನ ಹೆಸರು ಇದೆ."

"ನಿಮ್ಮದು?"

ಅವಳು ತಾರೀಖಿನ ಮೇಲೆ ಬೆರಳಿಟ್ಟಳು. ಹಿತ್ತಿಲು ಬರೆಸಿದ ತಾರೀಖು ವಂಶವೃಕ್ಷಕ್ಕೆ ಗಾಜು ಹಾಕಿಸಿದ ಮೇಲಿನದು. ಓದು ಬಾರದ ಮುದುಕಿಗೆ ಆ ಹೆಸರನ್ನು ಯಾರು ಓದಿ ಹೇಳಿದರೋ, ಇಲ್ಲವೇ ಬೆರಳಿಟ್ಟು ತೋರಿಸಿದ ಮೊಮ್ಮಗಳ ಮುಖ ನೋಡಿಯೇ ತಿಳಿಯಿತೋ. ಮುದುಕಿ ಮುನಿಸಿಕೊಂಡೇ ಸತ್ತಿದ್ದಾಳೆ ಎಂದು ಯೆಟ್‌ಗೆ ಅವತ್ತು ಗೊತ್ತಾಯಿತು. ನಾಚಿಕೆಯಿಂದ ಜೈನಿಯ ಮುಖ ನೋಡಲಾಗಲಿಲ್ಲ.

ಆದರೂ ಲೂಡೋ ಮೊಮ್ಮಗನಾದರೆ ಅವನಕ್ಕ ಮೊಮ್ಮಗಳೇ ತಾನೆ. ಹಾಗೆಂದು ಧೈರ್ಯ ತಂದುಕೊಂಡು, ತನ್ನ ಮುತ್ತಿನ ಅಕ್ಷರದಲ್ಲೇ ನಕಲು ಬರೆದು ಮೊಹರು ಹಾಕಿಸಿದಳು. ಮನೆಯಲ್ಲಿ ತಮ್ಮನಿಗೆ ಪಾಠ ಶುರುವಾಯಿತು.

"ನಿನ್ನಜ್ಜಿ ಹೆಸರೇನೋ?"

"ದೋನಾ ಇಸಾಬೆ..."

"ಮುಚ್ಚು ಬಾಯಿ. ಅದನ್ನ ಅಲ್ಲಿ ಅಂದ್ಯೋ, ಇಬ್ರೂ ಕೆಟ್ವಿ. ಮೂರ್ನಿ ಅನ್ನು."

"ಮೂರ್ನಿ," ಎಂದ ಲೂಡೋ. ಸ್ವಲ್ಪ ಹೊತ್ತು ಕೆಮ್ಮಿ, "ನಂಗೆ ಅನ್ನ ಕಲಸಿ ತಿನ್ನಿಸ್ತಿದ್ಳು ಅಕ್ಕ. ಬೆರಳಲ್ಲಿ ಬೆಳ್ಳುಳ್ಳಿ ವಾಸನೆ," ಎಂದ.

"ಅದನ್ನೇ ಹೇಳು. ಅದನ್ನೇ ಹೇಳಪ್ಪ."

ಶನಿವಾರ ಕಚೇರಿಯ ಬಾಗಿಲಲ್ಲಿ ಬಂದೂಕಿನವನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಮುಂದಿದ್ದ ಹೆಂಗಸು ಸಾಕಷ್ಟು ಬಗ್ಗಲಿಲ್ಲವೆಂದು ಅವಳ ಕೆನ್ನೆಗೆ ಬಿದ್ದ ಏಟಿನ ಸದ್ದಿಗೆ ಯೆಟ್‌ಳ ಬೆನ್ನು ಇನ್ನಷ್ಟು ಬಗ್ಗಿತು. ಒಳಗೆ ಒಂದು ಹಗ್ಗ ಕಟ್ಟಿದ್ದರು. ಚೀಟಿ ಸಿಕ್ಕವರು ಬಾಗಿಲ ಕಡೆಗೆ, ಸಿಗದವರು ಹಗ್ಗದ ಆಚೆಗೆ. ಹಗ್ಗದಾಚೆ ಅವಳಿಗೆ ಪರಿಚಯದ ಮುಖಗಳೇ ಇದ್ದವು. ಅವರು ಅವಳ ಕಡೆ ನೋಡಲಿಲ್ಲ.

ಲೂಡೋ ಮೊದಲು ಹೋದ. ಮೇಜಿನ ಹಿಂದೆ ಜಪಾನಿ ಅಧಿಕಾರಿ, ಪಕ್ಕದಲ್ಲಿ ಕನ್ನಡಕದ ಜಾವಾದವನೊಬ್ಬ ದುಭಾಷಿ. ಅಜ್ಜಿಯ ಹೆಸರು ಕೇಳಿದರು.

"ಮೂರ್ನಿ. ನನ್ನ ಸಾಕಿದವಳು," ಎಂದ ಲೂಡೋ, ಒಂದೇ ಉಸಿರಿಗೆ.

ಅಧಿಕಾರಿ ಜಮೀನಿನ ನಕಲು ಓದಿಸಿ ಕೇಳಿದ. ಚೀಟಿ ಬರೆದರು, ಮೊಹರು ಬಿತ್ತು. ಲೂಡೋ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ಹೋಗಿ ನಿಂತ. ಯೆಟ್ ಮುಂದೆ ಬಂದಳು. ಅಧಿಕಾರಿ ಖಾನೆ ಎಳೆದು ಇನ್ನೊಂದು ಹಾಳೆ ತೆಗೆದು ಜಮೀನಿನ ನಕಲಿನ ಪಕ್ಕದಲ್ಲಿಟ್ಟ. ಮೂವತ್ತಮೂರು ವರ್ಷ ಹಿಂದಿನ ಅವಳ ಅಕ್ಷರ, ಪಕ್ಕದಲ್ಲಿ ಮೊನ್ನೆಯ ಅವಳ ಅಕ್ಷರ. ಎರಡರಲ್ಲೂ ಒಂದು ಬಳುಕೂ ಹೆಚ್ಚುಕಡಿಮೆ ಇರಲಿಲ್ಲ. 

"ಎರಡೂ ನೀನು ಬರೆದದ್ದಾ ಅಂತ ಕೇಳ್ತಿದಾರೆ," ಎಂದ ದುಭಾಷಿ.

"ಹೌದು."

"ಇದರಲ್ಲಿ ನೀವಿಬ್ರೂ ಮನಿಲಾದವಳ ಮೊಮ್ಮಕ್ಕಳು. ಅದರಲ್ಲಿ ಅವನು ಜಾವಾದವಳ ಮೊಮ್ಮಗ. ಯಾವುದಮ್ಮ ಸುಳ್ಳು?" ದುಭಾಷಿ ಇಷ್ಟು ಹೇಳಿ, ದನಿ ತಗ್ಗಿಸಿ, "ಯೋಚನೆ ಮಾಡಿ ಹೇಳಿ," ಎಂದ.

ಹಳೆಯದು ಸುಳ್ಳು ಅನ್ನುವುದು ಸುಲಭವಿತ್ತು. ಅದು ನಿಜವೂ ಆಗಿತ್ತು. ಆದರೆ ಒಂದರಲ್ಲಿ ಸುಳ್ಳು ಬರೆದ ಕೈ ಇನ್ನೊಂದರಲ್ಲಿ ಬರೆಯುವುದಿಲ್ಲವೆಂದು ಯಾರು ನಂಬುತ್ತಾರೆ? ಲೂಡೋನ ಚೀಟಿ ನಿಂತಿದ್ದು ಆ ಅಕ್ಷರದ ಮೇಲೆಯೇ.  ಅಷ್ಟು ಹೆದರಿಕೆಯಲ್ಲೂ ಅವಳ ಬುದ್ಧಿ ಮಾತ್ರ ಮೂವತ್ತಮೂರು ವರ್ಷ ಮಾಡಿದ ಕೆಲಸವನ್ನು ತಾನಾಗಿಯೇ ಮಾಡಿತು. ಎರಡೂ ಹಾಳೆ ನಿಜವಾಗಬೇಕಾದರೆ ಯಾರು ಯಾರಿಗೆ ಹುಟ್ಟಿರಬೇಕು ಎಂದು ಲೆಕ್ಕ ಹಾಕಿತು.

"ಯಾವುದೂ ಸುಳ್ಳಲ್ಲ," ಎಂದಳು. "ಮೂರ್ನಿ ನಮ್ಮ ಮನೆ ಬಾಬು. ಅವಳ ಮಗಳು ನಮ್ಮಪ್ಪನಿಗೆ ಹೆತ್ತವನು ಅವನು. ಊರವರ ಬಾಯಿಗೆ ಹೆದರಿ ನಮ್ಮ ವಂಶದಲ್ಲಿ ಸೇರಿಸಿ ಬರೆದೆ. ಅವನು ನಮ್ಮಮ್ಮನ ಹೊಟ್ಟೇಲಿ ಹುಟ್ಟಿದವನಲ್ಲ."

ದುಭಾಷಿ ಅವಳನ್ನೊಮ್ಮೆ ನೋಡಿ ಅನುವಾದ ಮಾಡಿದ. ಅಧಿಕಾರಿ ನಕ್ಕ. ಇಂಥ ಕಥೆಯನ್ನು ಅವನು ಆ ಮೇಜಿನಲ್ಲಿ ದಿನಕ್ಕೆ ಹತ್ತು ಕೇಳಿದ್ದನೇನೋ. ಬಾಗಿಲ ಕಡೆಗೆ ಕೈ ಬೀಸಿ, ಲೂಡೋ ಹೋಗಬಹುದೆಂದ. ಆಮೇಲೆ ಅವಳಿಗೆ ಹಗ್ಗದ ಕಡೆ ತೋರಿಸಿದ.

ಲೂಡೋ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಅಕ್ಕಾ," ಎಂದು ಎರಡು ಹೆಜ್ಜೆ ಒಳಗೆ ಬಂದ.

ಬಂದೂಕಿನವನು ತಿರುಗಿ ನೋಡಿದ. ಅಧಿಕಾರಿಯ ನಗು ನಿಂತಿತು. ಯೆಟ್ ಹಗ್ಗ ದಾಟುತ್ತಿದ್ದವಳು, ಅಪ್ಪನ ನೆಂಟರು ಮೂರ್ನಿಯನ್ನು ಗದರಿಸುತ್ತಿದ್ದ ದನಿಯಲ್ಲೇ ಗದರಿಸಿದಳು. "ಯಾರಿಗೋ ಅಕ್ಕ ಅಂತೀಯ? ಅಡುಗೆ ಮನೇಲಿ ಹುಟ್ಟಿದವನೇ, ನಡಿಯೋ ಆಚೆಗೆ."

ಲೂಡೋನ ಬಾಯಿ ತೆರೆದೇ ಇತ್ತು. ಅವನು ಎದೆ ಹಿಡಿದುಕೊಂಡ, ಬಾಗಿಲ ಚೌಕಟ್ಟು ಹಿಡಿದುಕೊಂಡ. ಅವನು ಹೋಗದಿದ್ದರೆ ಎಂಬ ಭಯದಲ್ಲಿ ಯೆಟ್ ಉಸಿರು ಬಿಗಿಹಿಡಿದು ನಿಂತಳು. ಆಮೇಲೆ ಅವನು ಬೀದಿಗೆ ಇಳಿದ, ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ತಾನು ಹೇಳಿದ್ದನ್ನು ಅವನು ನಂಬಿಬಿಟ್ಟನೋ ಏನೋ ಎಂಬ ಹೊಸ ಭಯ ಅವಳನ್ನು ಆಗ ಹಿಡಿಯಿತು, ಅದನ್ನು ಕೇಳಿ ತಿಳಿಯುವುದಕ್ಕೆ ದಾರಿಯೇ ಇರಲಿಲ್ಲ.