ಆಫ್ ಮಾಡಿದರೂ ನಿಲ್ಲದ ಸ್ವರ

ಕಳೆದ ಭಾನುವಾರ ಮಧ್ಯಾಹ್ನ ಸಿಡಿ ಪ್ಲೇಯರ್ ಆಫ್ ಮಾಡಿದೆ. ಹಾಡು ಆಫ್ ಆಗಲಿಲ್ಲ.

ಹೆಡ್‌ಫೋನ್ ತೆಗೆದೆ. ಪ್ಲಗ್ ಕಿತ್ತೆ. ಫ್ಯಾನನ್ನೂ ನಿಲ್ಲಿಸಿ ನೋಡಿದೆ. ಊಹೂಂ. ಹಾಡಿನ ಕೊನೆಯಲ್ಲಿ ಎಳೆದಿದ್ದ ಸಣ್ಣ ಸಿಂಥಸೈಜರ್ ಸ್ವರ ಎಡಗಿವಿಯಲ್ಲಿ ಕುಂಯ್ ಎನ್ನುತ್ತಲೇ ಇತ್ತು. ಒಂಟಿಕೊಪ್ಪಲಿನ ನಮ್ಮ ಬೀದಿ ಊಟ ಮುಗಿಸಿ ಮಲಗಿತ್ತು.

ನನ್ನ ಡ್ಯಾನ್ಸ್ ಮ್ಯೂಸಿಕ್ ಹುಚ್ಚು ನಿಮಗೆ ಗೊತ್ತೇ ಇದೆ. (ನಮ್ಮ ಮನೆಯಲ್ಲಿ ಅದರ ಹೆಸರು ‘ದಬದಬ’.) ಹುಚ್ಚಿನಲ್ಲೂ ಬೇಕು ಬೇಡ ಇರುತ್ತವೆ. ಹಳೇ ಸಿನಿಮಾ ಹಾಡಿಗೆ ಡ್ರಮ್ ತುರುಕಿದ ರೀಮಿಕ್ಸ್ ಕಂಡರೆ ನನಗಾಗದು. ಟೆಕ್ನೋ ಪರವಾಗಿಲ್ಲ, ಆದರೆ ಜಾಸ್ತಿ ಕೇಳಿದರೆ ರೈಸ್ ಮಿಲ್ಲಿನಲ್ಲಿ ಕೂತು ಬಂದ ಹಾಗಾಗುತ್ತದೆ. ತೇಲಿಸಿಕೊಂಡು ಹೋಗುವ ಟ್ರಾನ್ಸ್ ಸಂಗೀತ ಅಂದರೆ ಮಾತ್ರ ಪ್ರಾಣ. ಅದರಲ್ಲೂ ಅರಸು ರಸ್ತೆಯ ಫುಟ್‌ಪಾತಿನಲ್ಲಿ ಕೊಂಡ, ಕವರಿನ ಮೇಲೆ ಹೆಸರೂ ಇಲ್ಲದ ಈ ಸಿಡಿ.

ಅದರಲ್ಲಿ ಡ್ರಮ್ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಒಂದೇ ಒಂದು ಸ್ವರ ತೇಲುತ್ತದೆ. ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಗೊತ್ತು. ಗೊತ್ತಿದ್ದೂ ಉಸಿರು ಹಿಡಿದು ಕಾಯುವುದಿದೆಯಲ್ಲ, ಮಜಾ ಇರುವುದೇ ಅಲ್ಲಿ. ಹಾಗೆ ಕಾಯುವಾಗ ವಾಲ್ಯೂಮ್ ಏರಿಸದೆ ಇರುವುದು ಯಾರಿಂದಾದೀತು?

ಸೋಮವಾರವೂ ಕುಂಯ್. ಮಂಗಳವಾರವೂ ಕುಂಯ್. ನಿಜ ಹೇಳುತ್ತೇನೆ, ಹೆದರಿಕೆಯಾಯಿತು. ಊಟ ಸೇರಲಿಲ್ಲ. ನಲ್ಲಿ ಬಿಟ್ಟು ನೀರಿನ ಸದ್ದು ಕೇಳುತ್ತಾ ನಿಂತೆ. ಸೊಪ್ಪಿನವಳ ಕೂಗು ಸಣ್ಣಗಾದಂತೆ ಅನ್ನಿಸಿತು. ಅವಳು ದೂರ ಹೋದಳೋ, ನನ್ನ ಕಿವಿಯೇ ಹೋಯಿತೋ? ಹೆಂಡತಿ ಶಾಂತಲಾಗೆ ಹೇಳುವ ಧೈರ್ಯವಾಗಲಿಲ್ಲ. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದಲ್ಲ!

ಬುಧವಾರ ಗುಟ್ಟಾಗಿ ಅಗ್ರಹಾರದ ಕಿವಿ ಡಾಕ್ಟರ ಹತ್ತಿರ ಹೋದೆ. ಪುಟ್ಟ ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿದರು. ಅಲ್ಲೂ ಹೆಡ್‌ಫೋನ್! ಬೀಪ್ ಕೇಳಿಸಿದಾಗಲೆಲ್ಲ ಬಟನ್ ಒತ್ತಬೇಕಂತೆ. ಒತ್ತಿದೆ. ಬೀಪ್ ಸಣ್ಣಗಾಗುತ್ತಾ ಹೋಯಿತು. ನಾನೂ ಬಿಡಲಿಲ್ಲ. ಒಂದನ್ನೂ ತಪ್ಪಿಸಿಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದಾಗ, ಪರೀಕ್ಷೆ ಮಾಡುತ್ತಿದ್ದ ಹುಡುಗಿ ಬಾಗಿಲು ತೆಗೆದಳು.

“ಸಾರ್, ನಾನು ಆಗ್ಲೇ ಸೌಂಡ್ ನಿಲ್ಸಿದೀನಿ. ನೀವು ಒತ್ತುತ್ಲೇ ಇದೀರಲ್ಲ.”

ಬಟನ್ ಕೆಳಗಿಟ್ಟೆ. ಅವಳು ಒಂದೇ ಲಯದಲ್ಲಿ ಬೀಪ್ ಕೊಡುತ್ತಿದ್ದಳು (ಹೊಸಬಳಿರಬೇಕು, ಪಾಪ). ಆ ಲಯ ನನಗೆ ಸಿಕ್ಕಿಬಿಟ್ಟಿತ್ತು. ಮುಂದಿನದು ಎಲ್ಲಿ ಬೀಳಬೇಕೋ ಅಲ್ಲಿ ಬೆರಳು ತಾನಾಗಿಯೇ ಒತ್ತುತ್ತಿತ್ತು. ಆಣೆ ಮಾಡಿ ಹೇಳುತ್ತೇನೆ, ನನಗೆ ಪ್ರತಿಯೊಂದೂ ಕೇಳಿಸಿತ್ತು. ಇಲ್ಲದ ಬೀಪ್ ಕೂಡ.

ಅವಳು ಮತ್ತೆ ಶುರು ಮಾಡಿದಳು, ಈ ಸಲ ಲೆಕ್ಕಕ್ಕೆ ಸಿಗದ ಹಾಗೆ. ಎಡಗಿವಿ ನಪಾಸು. ಹೆಡ್‌ಫೋನ್ ಮುಟ್ಟಲೇಬೇಡಿ ಎಂದರು ಡಾಕ್ಟರು. ಹೋದದ್ದು ವಾಪಸ್ ಬರುತ್ತಾ ಎಂದು ಕೇಳಿದೆ. ನೋಡೋಣ ಎಂದರು. ಡಾಕ್ಟರುಗಳ ಬಾಯಲ್ಲಿ ಈ ‘ನೋಡೋಣ’ದಷ್ಟು ಕೆಟ್ಟ ಪದ ಇನ್ನೊಂದಿಲ್ಲ.

ಸಂಜೆ ಪೇಪರ್ ಹಿಡಿದು ಹಾಲಿನಲ್ಲಿ ಕೂತಿದ್ದೆ. ಓದುತ್ತಿರಲಿಲ್ಲ, ಕಿವಿಗೊಟ್ಟು ಕಾಯುತ್ತಿದ್ದೆ. ಒಳಗೆ ಶಾಂತಲಾ ಕಾಫಿಗಿಟ್ಟಿದ್ದಳು. ದಿನಾ ಲೋಟಕ್ಕೆ ಬಗ್ಗಿಸಿದ ಮೇಲೆ ‘ರೀ’ ಎಂದು ಕರೆಯುತ್ತಾಳೆ. ಕರೆದಳು. ಸ್ಪಷ್ಟವಾಗಿ ಕೇಳಿಸಿತು. ಅಬ್ಬ, ಬದುಕಿದೆ ಎಂದುಕೊಂಡು ‘ಬಂದೆ’ ಎಂದೆ.

ಅವಳು ಅಡುಗೆಮನೆಯಿಂದ ಇಣುಕಿದಳು. ಕೈಯಲ್ಲಿ ಹಾಲಿನ ಪಾತ್ರೆ ಇನ್ನೂ ಬಗ್ಗಿಸದೆ ಹಾಗೇ ಇತ್ತು.

“ನಾನಿನ್ನೂ ಕರ್ದೇ ಇಲ್ವಲ್ರೀ?”